ಕಾರಿನ ಮೂರನೇ ಸಾಲನ್ನು ಕಂಡುಹಿಡಿದ ಮಹನೀಯರಿಗೆ

ಗೆ,
ಏಳು ಜನರ ಕಾರಿನ ಕೊನೆಯ ಸಾಲನ್ನು ಕಲ್ಪಿಸಿ, ಅಳೆದು, ಹೊಲಿಸಿ ಲೋಕಕ್ಕೆ ಅರ್ಪಿಸಿದ ಮಹನೀಯರು,
ವಿನ್ಯಾಸ ವಿಭಾಗ, ಕಾರು ಕಂಪನಿ,
ಊರು ಯಾವುದೋ ತಿಳಿಯದು.

ವಿಷಯ: ಸದರಿ ಸಾಲಿನಲ್ಲಿ ಕೂತು ಬದುಕಿ ಬಂದ ಮಹಿಳೆಯೊಬ್ಬಳ ಕೃತಜ್ಞತೆ ಮತ್ತು ಕೆಲವು ಕೋರಿಕೆಗಳ ಬಗ್ಗೆ.

ಮಾನ್ಯರೇ,

ದಾವಣಗೆರೆಯ ಸರಸ್ವತಿ ನಗರದಿಂದ ನಿರ್ಮಲಮ್ಮ ಮಾಡುವ ನಮಸ್ಕಾರಗಳು. ತಾವೂ ತಮ್ಮ ಮನೆಯವರೂ ಕಾಲು ಚಾಚಿಕೊಂಡು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಾನು ನೀರಾವರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ಕಾಲುವೆಗೆ ನೀರು ಬಂದಿಲ್ಲವೆಂದು ರೈತರು ಬರೆದ ಅರ್ಜಿಗಳಿಗೆ ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬರೆದು ಬರೆದು ಕೈ ಪಳಗಿದೆ. ಆದ್ದರಿಂದ ಈ ಪತ್ರಕ್ಕೆ ತಾವು ದಯವಿಟ್ಟು ಅಂಥದೇ ಉತ್ತರ ಬರೆಯಬೇಡಿ. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು.

ಕಂಪನಿಯ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಮೂರು ಸಾಲಿನ ಕಾರುಗಳನ್ನು ಮಾಡುವವರು ಹಲವರಿದ್ದಾರೆ, ಎಲ್ಲರ ಮೂರನೇ ಸಾಲೂ ಒಂದೇ ಗರ್ಭದಿಂದ ಹುಟ್ಟಿದಂತಿದೆ, ಹಾಗಾಗಿ ಈ ಸಾಲನ್ನು ಮೊದಲು ಯೋಚಿಸಿದ ಪುಣ್ಯಾತ್ಮರು ತಾವು ಒಬ್ಬರೇ ಎಲ್ಲೋ ಇದ್ದೀರಿ ಎಂದು ಭಾವಿಸಿ ಬರೆಯುತ್ತಿದ್ದೇನೆ. ಪತ್ರ ತಮಗೆ ತಲುಪದಿದ್ದರೂ ಚಿಂತೆಯಿಲ್ಲ, ಓದಿದ ಯಾರಾದರೂ ತಮ್ಮ ಕಾರಿನ ಹಿಂದೆ ಒಮ್ಮೆ ತಿರುಗಿ ನೋಡಿದರೆ ಸಾಕು.

ತಮ್ಮ ಸಾಲಿನ ಮಹಿಮೆ ತಿಳಿಯಬೇಕಾದರೆ ನಾನು ಅದಕ್ಕೂ ಮೊದಲು ಕೂತ ಕಾರುಗಳ ವಿಚಾರ ಹೇಳಬೇಕು. ನಮ್ಮ ಯಜಮಾನರು ವಾಮದೇವಪ್ಪನವರು ಮೆಕ್ಕೆಜೋಳದ ವ್ಯಾಪಾರಿ, ಎತ್ತರದ ಆಳು, ಎತ್ತರಕ್ಕೆ ತಕ್ಕ ಅಗಲವೂ ಉಂಟು. ನಮ್ಮ ಮನೆಗೆ ಮೊದಲು ಬಂದದ್ದು ಯಾರೋ ಬಳಸಿ ಬಿಟ್ಟಿದ್ದ ಒಂದು ವ್ಯಾನು. ಅದರ ಸೀಟು ಬಸ್ ನಿಲ್ದಾಣದ ಕಲ್ಲುಬೆಂಚಿನಷ್ಟು ಮೆತ್ತಗಿತ್ತು. ಎಂಜಿನ್ನು ಮುಂದಿನ ಸೀಟಿನ ಕೆಳಗೇ ಇದ್ದುದರಿಂದ ಯಜಮಾನರು ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಹದವಾಗಿ ಬೆಂದಿರುತ್ತಿದ್ದರು. ಆದರೂ ಆ ವ್ಯಾನಿಗೆ ಒಂದು ಗುಣವಿತ್ತು. ಪಕ್ಕದ ಬಾಗಿಲನ್ನು ಗಡಗಡ ಎಂದು ಸರಿಸಿದರೆ ಒಳಗಿದ್ದವರೆಲ್ಲ ಒಟ್ಟಿಗೇ ಕಾಣುತ್ತಿದ್ದೆವು. ಯಾರು ಇದ್ದಾರೆ, ಯಾರು ಇಲ್ಲ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ಆಮೇಲೆ ಬಂದದ್ದು ಚಿಕ್ಕ ಕಾರು. ಯಜಮಾನರು ತಮ್ಮ ಸೀಟನ್ನು ಹಿಂದಕ್ಕೆ ತಳ್ಳಬಹುದಾದಷ್ಟೂ ತಳ್ಳಿಕೊಂಡರೆ ಅವರ ಹಿಂದೆ ಒಂದು ಕೊಡೆ ಇಡುವಷ್ಟು ಜಾಗ ಉಳಿಯುತ್ತಿತ್ತು, ಆ ಜಾಗದಲ್ಲಿ ನಾನು ಕೂರುತ್ತಿದ್ದೆ. ಶಿವಮೊಗ್ಗಕ್ಕೆ ಹೋಗಿ ಬಂದರೆ ನನ್ನ ಮಂಡಿಗಳಿಗೆ ಅವರ ಬೆನ್ನೆಲುಬಿನ ಒಂದೊಂದು ಮಣಿಯ ಪರಿಚಯವಾಗಿರುತ್ತಿತ್ತು. ನನ್ನ ತಮ್ಮನದು ಉದ್ದ ಡಿಕ್ಕಿಯ ಕಾರು. ಅದರ ಹಿಂದಿನ ಸೀಟು ಸೋಫಾದಂತಿದೆ, ನಡುವೆ ಕೈ ಇಡಲು ದಿಂಬಿದೆ, ಮೂವರು ಕೂತರೆ ನಡುವಿನವರ ಕಾಲಿಗೆ ಮಾತ್ರ ನೆಲದ ಉಬ್ಬು. ಆದರೆ ಅದು ಎಷ್ಟು ತಗ್ಗೆಂದರೆ ಒಳಗೆ ಕೂರುವುದಲ್ಲ, ಇಳಿಯುವುದು. ಹೊರಗೆ ಬರುವುದು ಬಾವಿಯಿಂದ ಮೇಲಕ್ಕೆ ಬಂದಂತೆ, ಯಾರಾದರೂ ಕೈ ಕೊಡಬೇಕು. ಆದರೆ ಕೈ ಕೊಡಲು ಯಾರೋ ಒಬ್ಬರು ಬಾಗಿಲ ಬಳಿ ನಿಂತೇ ಇರುತ್ತಾರಲ್ಲ, ಅದು ಆ ಕಾರಿನ ದೊಡ್ಡ ಸೌಕರ್ಯ ಎಂದು ಈಗ ಹೊಳೆಯುತ್ತಿದೆ.

ಕಳೆದ ವರ್ಷ ಮಗಳು ರಶ್ಮಿತಾಳಿಗೆ ಹರಿಹರದ ಸಂಬಂಧ ಕೂಡಿಬಂತು. ಮದುವೆಯ ಓಡಾಟಕ್ಕೆ ಇಡೀ ಮನೆ ಒಂದೇ ಕಾರಿನಲ್ಲಿ ಹಿಡಿಸಬೇಕೆಂದು ಮಗ ಕೊಟ್ರೇಶ ಹಟ ಹಿಡಿದ. ಎಲ್ಲರೂ ಷೋರೂಮಿಗೆ ಹೋದೆವು. ಯಜಮಾನರು ಮುಂದಿನ ಸೀಟಿನಲ್ಲಿ ಕೂತು ಹಿಂದಕ್ಕೆ ಮುಂದಕ್ಕೆ, ಮೇಲಕ್ಕೆ ಕೆಳಕ್ಕೆ ಹೋಗಿ ನೋಡಿದರು. ಸೊಸೆ ನಯನಾ ನಡುವಿನ ಸಾಲಿನಲ್ಲಿ ಮಗುವಿನ ಕುರ್ಚಿ ಕಟ್ಟಿ ನೋಡಿದಳು. ನಮ್ಮ ಯಜಮಾನರ ಅಕ್ಕ ಹಾಲಮ್ಮತ್ತಿಗೆ ತಂಗಾಳಿ ಬರುವ ಕಿಂಡಿಗೆ ಮುಖವೊಡ್ಡಿ ಕೂತವರು ಏಳಲು ಒಪ್ಪಲಿಲ್ಲ. ತಮ್ಮ ಮೂರನೇ ಸಾಲಿನಲ್ಲಿ ಕೂತು ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ, ನನಗೆ ಅನ್ನಿಸಿದರೂ ಕೈಯಲ್ಲಿ ಎಲ್ಲರ ಬ್ಯಾಗುಗಳಿದ್ದವು.

ಕಾರು ತೋರಿಸುತ್ತಿದ್ದ ಹುಡುಗಿ ಪ್ರಾಮಾಣಿಕಳು. “ಸರ್, ಹಿಂದಿನ ಸಾಲು ಚಿಕ್ಕ ಮಕ್ಕಳಿಗೆ ಆರಾಮಾಗುತ್ತೆ, ದೊಡ್ಡೋರಿಗೆ ಸ್ವಲ್ಪ ಕಷ್ಟ” ಎಂದಳು.

“ನಮ್ಮನಿಯಾಕಿನೂ ಸಣ್ಣಾಕಿನೇ ಅದಾಳೆ, ಹಿಡೀತಾಳೆ ಬಿಡಮ್ಮ” ಎಂದರು ಯಜಮಾನರು. ಎಲ್ಲರೂ ನಕ್ಕರು. ಮಾನ್ಯರೇ, ಅಡಗಿಸಿಡುವುದೇಕೆ, ನಾನೂ ನಕ್ಕೆ.

ಹೀಗೆ ನಾನು ತಮ್ಮ ಸೃಷ್ಟಿಯೊಳಗೆ ಪ್ರವೇಶ ಪಡೆದೆ. ಪ್ರವೇಶ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ನಡುವಿನ ಸಾಲಿನ ಎಡಗಡೆಯ ಸೀಟಿನ ಹಿಡಿಕೆಯನ್ನು ಹೊರಗಿನಿಂದ ಒಬ್ಬರು ಎಳೆಯಬೇಕು, ಆ ಸೀಟು ಮುಂದಕ್ಕೆ ಮಗುಚಿ ಬೀಳಬೇಕು, ಆಮೇಲೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ, ಮಾನವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಾನು ಒಳಕ್ಕೆ ನುಸುಳಬೇಕು. ಕೂತ ಮೇಲೆ ಮಂಡಿಗಳು ಎದೆಗೆ ಬರುತ್ತವೆ. ನೆಲವನ್ನು ಮೇಲೆತ್ತಿ ಸೀಟನ್ನು ಕೆಳಗಿಳಿಸಿದ ತಮ್ಮ ಜಾಣ್ಮೆಯಿಂದಾಗಿ ಕುರ್ಚಿಯಲ್ಲಿ ಕೂತೂ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ ಅನುಭವವಾಗುತ್ತದೆ. ತಲೆಗೆ ಆಸರೆಯಾಗಬೇಕಾದ ದಿಂಬು ನನ್ನ ಎತ್ತರದವರ ಕುತ್ತಿಗೆಯನ್ನು ಮುಂದಕ್ಕೆ ತಳ್ಳಿ ವಿನಯ ಕಲಿಸುತ್ತದೆ. ಕಿಟಕಿಯ ಗಾಜು ತೆರೆಯುವುದಿಲ್ಲ, ಮೇಲಾಗಿ ಕಪ್ಪಗಿದೆ. ತಂಗಾಳಿಯ ಕಿಂಡಿ ಇಲ್ಲ. ಆದರೆ ಬಾಟಲಿ ಇಡಲು ಇಬ್ಬದಿಯಲ್ಲೂ ಗುಂಡಿಗಳಿವೆ. ಉಸಿರಿಗೆ ದಾರಿ ಮಾಡದ ಕಡೆ ಬಾಯಾರಿಕೆಯನ್ನು ಮುಂಗಂಡ ತಮ್ಮ ದೂರದೃಷ್ಟಿಗೆ ನಾನು ಬೆರಗಾಗಿದ್ದೇನೆ.

ಈಗ ನಿಶ್ಚಿತಾರ್ಥದ ದಿನಕ್ಕೆ ಬರುತ್ತೇನೆ. ಏಪ್ರಿಲ್ ತಿಂಗಳು, ಹರಿಹರದ ಕಲ್ಯಾಣ ಮಂಟಪ. ಮಗಳು ರಶ್ಮಿತಾ ಲೆಹೆಂಗಾ ಉಟ್ಟಿದ್ದರಿಂದ, ಆ ಉಡುಪಿಗೇ ಒಂದು ಸಾಲು ಬೇಕಾದ್ದರಿಂದ, ನನ್ನ ತಮ್ಮನ ಉದ್ದ ಕಾರಿನ ಹಿಂದಿನ ಸೀಟಿನಲ್ಲಿ ಅವಳೊಬ್ಬಳೇ. ಹಣ್ಣಿನ ತಟ್ಟೆಗಳೆಲ್ಲ ಅದರ ಡಿಕ್ಕಿಯಲ್ಲಿ. ನಮ್ಮ ಕಾರಿನಲ್ಲಿ ಕೊಟ್ರೇಶ ಚಾಲಕ, ಪಕ್ಕದಲ್ಲಿ ಯಜಮಾನರು, ನಡುವೆ ಹಾಲಮ್ಮತ್ತಿಗೆ, ಮಗು, ನಯನಾ. ಮೂರನೇ ಸಾಲಿನಲ್ಲಿ ವಧುವಿನ ತಾಯಿಯಾದ ನಾನು, ನನ್ನ ಪಕ್ಕದಲ್ಲಿ ಮೊಮ್ಮಗನ ಮೂರು ಚಕ್ರದ ಸೈಕಲ್ಲು. ಸೈಕಲ್ಲಿಲ್ಲದೆ ಅವನು ಎಲ್ಲಿಗೂ ಹೊರಡುವುದಿಲ್ಲ, ಮೂರನೇ ಸಾಲು ನಿಲ್ಲಿಸಿದ ಮೇಲೆ ಡಿಕ್ಕಿಯಲ್ಲಿ ಹಪ್ಪಳದ ಡಬ್ಬ ಬಿಟ್ಟರೆ ಮತ್ತೇನೂ ಹಿಡಿಸುವುದಿಲ್ಲ. ಅಳಿಯನಿಗೆ ಹಾಕಬೇಕಾದ ಉಂಗುರ ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು. ಮೊಬೈಲು ಮುಂದೆ ಚಾರ್ಜಿಗೆ ಹಾಕಿತ್ತು, ಏಕೆಂದರೆ ತಮ್ಮ ಸಾಲಿಗೆ ವಿದ್ಯುತ್ತನ್ನೂ ತಾವು ದಯಪಾಲಿಸಿಲ್ಲ.

ಮಂಟಪದ ಮುಂದೆ ಬೀಗರು ಪನ್ನೀರು ಹಿಡಿದು ನಿಂತಿದ್ದರು. ಕಾರು ನಿಂತ ಕೂಡಲೇ ಯಜಮಾನರು ಇಳಿದು ಶಾಲು ಹೊದೆಸಿಕೊಂಡರು. ಹಾಲಮ್ಮತ್ತಿಗೆಯನ್ನು ಇಬ್ಬರು ಕೈ ಹಿಡಿದು ಕರೆದೊಯ್ದರು. ಮಗು ಬಟ್ಟೆ ಒದ್ದೆ ಮಾಡಿಕೊಂಡಿದ್ದರಿಂದ ನಯನಾ ಅದನ್ನೆತ್ತಿಕೊಂಡು ಬಚ್ಚಲು ಹುಡುಕುತ್ತಾ ಓಡಿದಳು. ಹಿಂದಿನ ವಾಹನದವರು ಹಾರ್ನ್ ಹೊಡೆಯತೊಡಗಿದರು.

“ಕೊಟ್ರೇಶಾ, ಈ ಸೀಟು ಎತ್ತಪ್ಪ” ಎಂದೆ.

“ಒಂದ್ ನಿಮಿಷ ಅಮ್ಮ, ಹಿಂದ ಪಾರ್ಕ್ ಮಾಡಿ ತೆಗಿತೀನಿ” ಎಂದ.

ಮಂಟಪದ ಹಿಂಬದಿಯ ಕಾಂಪೌಂಡ್ ಗೋಡೆಯ ಪಕ್ಕ, ಬಿಸಿಲಲ್ಲಿ, ಕಾರು ನಿಲ್ಲಿಸಿದ. ಅಷ್ಟರಲ್ಲಿ ಅವನ ಫೋನು ಬಂತು. ರಶ್ಮಿತಾಳ ಕಾರು ಮುಂದೆ ಬಂದಿದೆ, ಅಣ್ಣ ಬಾಗಿಲು ತೆಗೆಯುವ ಚಿತ್ರ ಬೇಕು, ಬೇಗ ಬಾ ಎಂದು ಫೋಟೋದವನು ಕರೆಯುತ್ತಿದ್ದ. “ಬಂದೆ, ಬಂದೆ” ಎನ್ನುತ್ತಾ ಅವನು ಇಳಿದ. ಬಾಗಿಲು ಹಾಕಿದ. ನಡೆಯುತ್ತಾ ನಡೆಯುತ್ತಾ ಕೈ ತಾನಾಗಿ ಕೀಲಿಯ ಗುಂಡಿ ಒತ್ತಿತು. ಕಾರು ‘ಟಿಂವ್’ ಎಂದಿತು. ಮಾನ್ಯರೇ, ತಂಗಿಯ ಕಾರಿನ ಬಾಗಿಲು ತೆಗೆಯಲು ಓಡುವ ಅಣ್ಣನನ್ನು ನಾನು ಬೈಯಲಾರೆ. ಅವನು ಓಡುವ ಹಾಗೆ ಬೆಳೆಸಿದವಳು ನಾನೇ.

ಮೊದಲು ಕೆಲಹೊತ್ತು ನಾನು ಗಾಬರಿಯಾಗಲಿಲ್ಲ. ಈಗ ಬರುತ್ತಾನೆ ಎಂದು ಸೆರಗು ಸರಿಮಾಡಿಕೊಂಡು ಕೂತೆ. ಸೆಕೆ ಏರತೊಡಗಿತು. ಹಣೆಯ ಕುಂಕುಮ ಮೂಗಿಗಿಳಿಯಿತು. ನನ್ನ ಮುಂದಿದ್ದ ನಡುವಿನ ಸೀಟನ್ನು ಮಗುಚುವ ಹಿಡಿಕೆಗಾಗಿ ಕೈ ಚಾಚಿದೆ, ಅದು ನನ್ನ ಬೆರಳಿಗೆ ಸಿಗದಷ್ಟು ದೂರದಲ್ಲಿತ್ತು. ಸೀಟಿನ ಮೇಲಿಂದ ಹತ್ತಿ ದಾಟಲು ಹೋದೆ. ರೇಷ್ಮೆ ಸೀರೆ, ಮಗುವಿನ ಕುರ್ಚಿ, ನನ್ನ ಮಂಡಿ, ಮೂರೂ ಸೇರಿ ನನ್ನನ್ನು ನಡುವೆಯೇ ಹಿಡಿದು ನಿಲ್ಲಿಸಿದವು. ಹೇಗೋ ಬಗ್ಗಿ ನಡುವಿನ ಸಾಲಿನ ಬಾಗಿಲಿನ ಹಿಡಿಕೆ ಎಳೆದೆ, ಮಗು ತೆರೆಯಬಾರದೆಂದು ಹಾಕಿದ್ದ ಬೀಗ ಅಜ್ಜಿಗೂ ಅನ್ವಯವಾಗುತ್ತದೆ ಎಂದು ಆಗ ತಿಳಿಯಿತು. ಹಾರ್ನು ಇನ್ನೂ ಒಂದು ಸಾಲು ಮುಂದೆ, ನನಗೆ ಹರಿಹರಕ್ಕೂ ದಾವಣಗೆರೆಗೂ ಇರುವಷ್ಟು ದೂರ. ಹಿಂದಕ್ಕೆ ಜಾರಿ ನನ್ನ ಸ್ಥಾನಕ್ಕೆ ಬಿದ್ದೆ.

ಗಾಜನ್ನು ಬಡಿದೆ. ಮಂಟಪದೊಳಗೆ ವಾದ್ಯದವರು ಊದುತ್ತಿದ್ದರು. ಕೂಗಿದೆ, ನನ್ನ ಕೂಗು ನನಗೇ ಜೋರಾಗಿ ಕೇಳಿಸಿತು, ಅಷ್ಟೆ. ಮೊದಮೊದಲು ನಾಚಿಕೆಯಾಗುತ್ತಿತ್ತು, ಬೀಗರು ನೋಡಿದರೆ ಏನೆಂದುಕೊಂಡಾರು ಎಂದು. ಆಮೇಲೆ ನಾಚಿಕೆ ಹೋಯಿತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತು, ಎದೆ ಡವಡವ ಎಂದಿತು, ಕಣ್ಣ ಮುಂದೆ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು ಹಾರತೊಡಗಿದವು. ಸೈಕಲ್ಲಿನ ಹ್ಯಾಂಡಲ್ಲಿಗೆ ಕೈ ತಗುಲಿದರೆ ಅದು ಸುಡುತ್ತಿತ್ತು. ಆಗ ನನಗೆ ಷೋರೂಮಿನ ಹುಡುಗಿಯ ಮಾತು ಕೇಳಿಸಿದಂತಾಯಿತು, ಚಿಕ್ಕ ಮಕ್ಕಳಿಗೆ ಆರಾಮಾಗುತ್ತೆ ಎಂದದ್ದು. ಇದೇ ಜಾಗದಲ್ಲಿ ನನ್ನ ಮೊಮ್ಮಗ ನಿದ್ದೆ ಹೋಗಿದ್ದಿದ್ದರೆ? ಅವನು ಗಾಜು ಬಡಿಯುವಷ್ಟಾದರೂ ಎಚ್ಚರವಿರುತ್ತಿದ್ದನೇ? ಮಾನ್ಯರೇ, ಈ ಪತ್ರದಲ್ಲಿ ನಾನು ವಿನೋದ ಮಾಡುತ್ತಿರುವೆನೆಂದು ತಮಗೆ ಅನ್ನಿಸಿದರೆ ಈ ಒಂದು ಸಾಲನ್ನು ಇನ್ನೊಮ್ಮೆ ಓದಿ. ಇಲ್ಲಿ ವಿನೋದವಿಲ್ಲ.

ಮಂಟಪಕ್ಕೆ ಹೂ ಕಟ್ಟಿಕೊಡುವ ಖತೀಜಾಬೀ ಎಂಬ ಹೆಂಗಸು ಹಿಂಬಾಗಿಲ ನೆರಳಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಕಪ್ಪು ಗಾಜಿನೊಳಗೆ ಬಳೆ ಹೊಳೆದದ್ದು ಅವಳ ಕಣ್ಣಿಗೆ ಬಿತ್ತು. ಎದ್ದು ಬಂದು, ಎರಡೂ ಅಂಗೈಯನ್ನು ಗಾಜಿಗೆ ಆನಿಸಿ ಇಣುಕಿದಳು.

“ಯಾ ಅಲ್ಲಾ! ಅಮ್ಮಾರ, ಒಳಗ ಯಾಕ ಕುಂತೀರಿ?” ಎಂದಳು.

ಅದಕ್ಕೆ ಉತ್ತರ ದೊಡ್ಡದಿತ್ತು, ನನ್ನಲ್ಲಿ ಉಸಿರಿರಲಿಲ್ಲ. ಕೈ ಮುಗಿದೆ. ಅವಳು ಒಂದೊಂದೇ ಬಾಗಿಲನ್ನು ಹಿಡಿದು ಜಗ್ಗಾಡಿದಳು. ಕೂಡಲೇ ಕಾರು, ಕಳ್ಳರು ಬಂದರೆಂದು ಕಿರುಚತೊಡಗಿತು. ತಮ್ಮ ಕಾರಿಗೆ ಕಳ್ಳರ ಬಗ್ಗೆ ಇರುವ ಕಾಳಜಿ ಮೆಚ್ಚತಕ್ಕದ್ದು. ಕಿರುಚಾಟ ಕೇಳಿ ಒಬ್ಬ ಚಾಲಕ ದೂರದಿಂದ ಬಂದು, ಇದು ತನ್ನ ಕಾರಲ್ಲ ಎಂದು ಖಾತ್ರಿ ಮಾಡಿಕೊಂಡು, ನೆಮ್ಮದಿಯಿಂದ ಹಿಂತಿರುಗಿದ. ಖತೀಜಾಬೀ ಅವನನ್ನು ಬೈಯುತ್ತಲೇ, ಕೈಯಲ್ಲಿ ಅರ್ಧ ಕಟ್ಟಿದ ಮಲ್ಲಿಗೆಯ ಎಳೆ ಹಿಡಿದುಕೊಂಡೇ, ಮಂಟಪದೊಳಕ್ಕೆ ಓಡಿದಳು.

ಒಳಗೆ ಆದದ್ದನ್ನು ನನಗೆ ಆಮೇಲೆ ರಶ್ಮಿತಾ ಹೇಳಿದಳು. ಬೀಗತಿ ಸುಧಾ ಅವರು ಬಂದಾಗಿನಿಂದ ಕೇಳುತ್ತಲೇ ಇದ್ದರಂತೆ, “ನಿರ್ಮಲಮ್ಮಾರು ಎಲ್ಲಿ? ಕಾಣವಲ್ರಲ್ಲ?” ಎಂದು. ರಶ್ಮಿತಾ ನಾನು ಅಪ್ಪನ ಸಂಗಡ ಇದ್ದೇನೆ ಎಂದುಕೊಂಡಿದ್ದಳು. ಹಾಲಮ್ಮತ್ತಿಗೆ ನಾನು ಮಗಳ ಸಂಗಡ ಇದ್ದೇನೆ ಎಂದುಕೊಂಡಿದ್ದರು. ಕೊಟ್ರೇಶನನ್ನು ಫೋಟೋದವನು ಕಂಬದಿಂದ ಕಂಬಕ್ಕೆ ನಿಲ್ಲಿಸುತ್ತಿದ್ದ, ನನಗೆ ಹೇಳಿದ ಒಂದು ನಿಮಿಷ ಅವನ ತಲೆಯಿಂದ ಹಾರಿಹೋಗಿತ್ತು. ಯಜಮಾನರು ಮಾತ್ರ ಏನನ್ನೂ ಅಂದುಕೊಂಡಿರಲಿಲ್ಲ. “ಇಲ್ಲೇ ಎಲ್ಲೋ ಇರ್ತಾಳ ಬಿಡ್ರಿ, ಅಡಿಗಿ ಕಡೆ ಹೋಗಿರ್ಬೇಕು” ಎಂದರಂತೆ. ಬೀಗರ ಅಡುಗೆಮನೆಯಲ್ಲಿ ನನಗೇನು ಕೆಲಸವೆಂದು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಶಾಸ್ತ್ರ ಮಾಡಿಸುತ್ತಿದ್ದ ಅಯ್ಯನವರು ಉಂಗುರ ತನ್ನಿ ಎಂದರು. ಯಜಮಾನರು ಜೇಬು ತಡಕಿದರು. ಕೊಟ್ರೇಶ ನಯನಾಳ ಬ್ಯಾಗು ಸುರುವಿದ. “ಉಂಗುರ ಎಲ್ಲಿ? ಉಂಗುರ ಎಲ್ಲಿ?” ಎಂದು ವೇದಿಕೆಯೆಲ್ಲ ಒಂದಾಯಿತು. ಉಂಗುರ ಅಮ್ಮನ ಬ್ಯಾಗಿನಲ್ಲಿದೆ ಎಂದು ನಯನಾಳಿಗೆ ನೆನಪಾಯಿತು, ಬ್ಯಾಗು ಅಮ್ಮನ ಹತ್ತಿರ ಇದೆ ಎಂದು ಕೊಟ್ರೇಶನಿಗೆ ಹೊಳೆಯಿತು, ಅಮ್ಮ ಎಲ್ಲಿ ಎಂಬಲ್ಲಿಗೆ ಅವನ ಮುಖ ಬಿಳುಪೇರಿತು. ಅದೇ ಹೊತ್ತಿಗೆ ಖತೀಜಾಬೀ ವೇದಿಕೆಯ ಮುಂದೆ ನಿಂತು, “ಹಿಂದ್ಲ ಕಾರಾಗ ಒಬ್ರು ಅಮ್ಮಾರು ಸಿಕ್ಕೊಂಡಾರೆ, ಯಾರ ಮನ್ಯೋರ್ರೀ ಅವರು?” ಎಂದು ಗಟ್ಟಿಯಾಗಿ ಕೇಳಿದಳಂತೆ. ಆ ಪ್ರಶ್ನೆಗೆ ನಮ್ಮ ಮನೆತನದಲ್ಲಿ ಯಾರಿಗೂ ತಟ್ಟನೆ ಉತ್ತರ ಕೊಡಲಾಗಲಿಲ್ಲ.

ಕೊಟ್ರೇಶ ಓಡಿ ಬಂದು ಬಾಗಿಲು ತೆಗೆದು ಹಿಡಿಕೆ ಎಳೆದ. ಒಂದೇ ಸ್ಪರ್ಶಕ್ಕೆ ಮಗುಚುತ್ತದೆ ಎಂದು ತಮ್ಮ ಜಾಹೀರಾತಿನಲ್ಲಿ ಹೇಳಿರುವ ಆ ಸೀಟು, ಮಗುವಿನ ಕುರ್ಚಿಯ ಪಟ್ಟಿ ಸಿಕ್ಕಿಕೊಂಡು ಅರ್ಧಕ್ಕೇ ನಿಂತಿತು. ಅವನು ಅಳುತ್ತಾ ಅದನ್ನು ಗುದ್ದಿದ. ಕೊನೆಗೆ ಡಿಕ್ಕಿ ತೆಗೆದು, ಸೈಕಲ್ಲನ್ನೂ ಹಪ್ಪಳದ ಡಬ್ಬವನ್ನೂ ಹೊರಗೆ ಹಾಕಿ, ನನ್ನ ಪಕ್ಕದ ಸೀಟಿನ ಬೆನ್ನನ್ನು ಮಲಗಿಸಿ, ಖತೀಜಾಬೀ ಒಂದು ಕಡೆ, ಅವನು ಒಂದು ಕಡೆ ಹಿಡಿದು ನನ್ನನ್ನು ಎಳೆದುಕೊಂಡರು. ವಧುವಿನ ತಾಯಿ ಹೀಗೆ ಕಾಲು ಮುಂದಾಗಿ, ಡಿಕ್ಕಿಯ ಮೂಲಕ, ಬೀಗರೆಲ್ಲರ ಸಮ್ಮುಖದಲ್ಲಿ ಲೋಕಕ್ಕೆ ಬಂದಳು. ವಿಡಿಯೋದವನು ವೃತ್ತಿಧರ್ಮ ಬಿಡಲಿಲ್ಲ. ನಿಶ್ಚಿತಾರ್ಥದ ಚಿತ್ರದಲ್ಲಿ ಆ ದೃಶ್ಯವಿದೆ, ಹಿನ್ನೆಲೆಯಲ್ಲಿ ಕೊಳಲನ್ನೂ ಕೂಡಿಸಿದ್ದಾನೆ.

ಸುಧಾ ಅವರು ನನ್ನನ್ನು ಮಂಟಪದ ಕೋಣೆಯೊಂದರಲ್ಲಿ ಫ್ಯಾನಿನ ಕೆಳಗೆ ಮಲಗಿಸಿದರು, ತಾವೇ ಒದ್ದೆ ಬಟ್ಟೆಯಿಂದ ಮುಖ ಒರೆಸಿದರು, ಸ್ವಲ್ಪ ಸ್ವಲ್ಪವಾಗಿ ಮಜ್ಜಿಗೆ ಕುಡಿಸಿದರು. ಬೀಗರಲ್ಲಿ ಒಬ್ಬ ಡಾಕ್ಟರರಿದ್ದರು, ನಾಡಿ ಹಿಡಿದು ನೋಡಿ ಇನ್ನು ಭಯವಿಲ್ಲ ಎಂದರು. ರಶ್ಮಿತಾ ಲೆಹೆಂಗಾ ಸಮೇತ ನೆಲದ ಮೇಲೆ ಕೂತು ನನ್ನ ಪಾದ ಹಿಡಿದುಕೊಂಡಿದ್ದಳು. ಹೊರಗಿನಿಂದ ಅಯ್ಯನವರು ಬಂದು, ತಡವಾದರೆ ರಾಹುಕಾಲ ಶುರುವಾಗುತ್ತದೆ ಎಂದು ಅವಸರಿಸಿದರು.

“ರಾಹುಕಾಲ ಅವರು ಕಾರಿನಾಗ ಕಳದು ಬಂದಾರೆ ಅಯ್ಯನೋರೆ, ಇನ್ನೇನು ಉಳಿದೈತೆ? ಅವರು ಏಳೋತನಕ ನಾವೂ ಕಾಯೋದೇ” ಎಂದರು ಸುಧಾ. ನನ್ನ ಮಗಳು ಹೋಗುವ ಮನೆ ಸರಿಯಾಗಿದೆ ಎಂದು ಆ ಕ್ಷಣ ನನಗೆ ಖಾತ್ರಿಯಾಯಿತು. ಮಾನ್ಯರೇ, ಜಾತಕ, ಗೋತ್ರ, ಮನೆ, ಉದ್ಯೋಗ ಎಲ್ಲ ವಿಚಾರಿಸಿಯೂ ಇದೊಂದು ವಿಷಯ ನಾವು ವಿಚಾರಿಸಿರಲಿಲ್ಲ. ತಮ್ಮ ಕಾರು ವಿಚಾರಿಸಿಕೊಟ್ಟಿತು, ಉಪಕಾರವಾಯಿತು.

ಯಜಮಾನರು ಬಾಗಿಲ ಹತ್ತಿರ ನಿಂತಿದ್ದರು. ಶಾಲು ಇನ್ನೂ ಹೆಗಲ ಮೇಲಿತ್ತು. “ಕೊಟ್ರೇಶನಿಗೆ ಬುದ್ಧಿ ಇಲ್ಲ” ಎಂದರು.

ರಶ್ಮಿತಾ ತಲೆ ಎತ್ತಿದಳು. “ಅಣ್ಣನ ಸುದ್ದಿ ಬ್ಯಾಡ ಅಪ್ಪ. ನೀವು ಎಲ್ಲರನ್ನೂ ಉಂಗುರ ಎಲ್ಲಿ ಅಂತ ಕೇಳಿದ್ರಿ. ಅಮ್ಮ ಎಲ್ಲಿ ಅಂತ ಒಬ್ರನ್ನೂ ಕೇಳಲಿಲ್ಲ.”

ಅವಳು ದನಿ ಏರಿಸಿರಲಿಲ್ಲ.   ಯಜಮಾನರು ಶಾಲು ತೆಗೆದು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಮಾರುಕಟ್ಟೆಯಲ್ಲಿ ಅವರ ಮಾತಿಗೆ ಇಡೀ ಅಂಗಡಿ ಸಾಲು ಸುಮ್ಮನಾಗುತ್ತದೆ, ಅವರಿಗೆ ಮಾತು ಸಿಗದೆ ಹೋದದ್ದನ್ನು ನಾನು ನೋಡಿದ್ದು ಅಂದೇ. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅಳು ಬಂತು. ಕಾರಿನೊಳಗೆ ಸಾಯುತ್ತೇನೆ ಎನ್ನಿಸಿದಾಗ ಬಾರದ ಅಳು ಅದು.

ಆಮೇಲೆ ನಾನು ಎದ್ದು ಮುಖ ತೊಳೆದು, ಸುಧಾ ಅವರ ಸೀರೆ ಉಟ್ಟು, ಉಂಗುರ ಕೊಟ್ಟೆ. ಶಾಸ್ತ್ರ ಚೆನ್ನಾಗಿಯೇ ಆಯಿತು. ಖತೀಜಾಬೀಯನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿದೆ. “ಇನ್ಮ್ಯಾಲೆ ಕಾರಿನ ಮುಂದೇ ಕುಂದ್ರಿ ಅಮ್ಮಾರ, ಹಾರನ್ನಾದ್ರೂ ಕೈಗೆ ಸಿಗ್ತೈತೆ” ಎಂದಳು.

ಹೊರಡುವ ಹೊತ್ತಿಗೆ ಕಾರು ಮಂಟಪದ ಮುಂದೆ ಬಂತು. ಯಾರು ಎಲ್ಲಿ ಕೂರಬೇಕೆಂದು ಯಾರೂ ಬಾಯಿ ಬಿಡಲಿಲ್ಲ. ನಾನು ಹಿಂದಕ್ಕೆ ಹೋಗುವುದಿಲ್ಲ ಎಂದು ಮನಸ್ಸಿನಲ್ಲಿ ತೀರ್ಮಾನಿಸಿ, ಬಸ್ ನಿಲ್ದಾಣದ ದಾರಿ ಯಾವುದೆಂದು ಸುಧಾ ಅವರನ್ನು ಕೇಳುವವಳಿದ್ದೆ. ಅಷ್ಟರಲ್ಲಿ ಯಜಮಾನರು ಮುಂದಿನ ಬಾಗಿಲು ತೆರೆದು, “ನಿರ್ಮಲಾ, ಇಲ್ಲಿ ಕೂಡು” ಎಂದರು. ಆಮೇಲೆ ಯಾರನ್ನೂ ನೋಡದೆ, ನಡುವಿನ ಸೀಟು ಮಗುಚಲು ಹೇಳಿ, ಪಂಚೆ ಎತ್ತಿ ಕಟ್ಟಿಕೊಂಡು, ತಮ್ಮ ಮೂರನೇ ಸಾಲಿನೊಳಕ್ಕೆ ನುಸುಳತೊಡಗಿದರು.

ಮಾನ್ಯರೇ, ಆ ದೃಶ್ಯವನ್ನು ತಾವು ಕಣ್ಣಾರೆ ನೋಡಬೇಕಿತ್ತು. ಮೊದಲು ತಲೆ ಹೋಯಿತು, ಹೊಟ್ಟೆ ಹೋಗಲಿಲ್ಲ. ಹಿಂದಕ್ಕೆ ಬಂದು ಪಕ್ಕವಾಗಿ ತಿರುಗಿದರು. ಒಂದು ಕಾಲು ಒಳಗೆ, ಒಂದು ಕಾಲು ಹರಿಹರದ ರಸ್ತೆಯಲ್ಲಿ. ಹಾಲಮ್ಮತ್ತಿಗೆ “ಬ್ಯಾಡೋ ವಾಮ, ನಾನು ಹೋಗ್ತೀನಿ” ಎಂದರೂ ಕೇಳಲಿಲ್ಲ. ಕೊನೆಗೆ ಕೂತಾಗ ಮಂಡಿಗಳು ಕಿವಿಯ ಹತ್ತಿರ ಬಂದಿದ್ದವು, ತಲೆ ಚಾವಣಿಗೆ ಒತ್ತಿ ಗಲ್ಲ ಎದೆಗೆ ತಗುಲಿತ್ತು, ಮಡಿಲಲ್ಲಿ ಮೊಮ್ಮಗನ ಸೈಕಲ್ಲು.

ಗುತ್ತೂರಿನ ಕಡೆಯ ಕಾರ್ಖಾನೆಗಳ ಪಾಳಿ ಬಿಟ್ಟಿತ್ತು, ದಾರಿಯುದ್ದಕ್ಕೂ ವಾಹನ. ಪ್ರತಿ ಉಬ್ಬಿನಲ್ಲೂ ಹಿಂದಿನಿಂದ ‘ಢಬ್’ ಎಂದು ಕೇಳಿಸುತ್ತಿತ್ತು, ಅದು ಚಾವಣಿಗೆ ಅವರ ತಲೆ ಬಡಿದ ಸದ್ದು. ಬಾತಿಯ ಹತ್ತಿರ ನಯನಾ ತಡೆಯಲಾರದೆ, “ಮಾವ, ಸ್ವಲ್ಪ ಇಳಿದು ಕಾಲು ಚಾಚ್ತೀರೇನ್ರಿ?” ಎಂದಳು.

“ಬ್ಯಾಡ, ನಡೀರಿ” ಎಂದಿತು ಹಿಂದಿನ ದನಿ.

ನಾನು ಮುಂದಿನ ಸೀಟಿನಲ್ಲಿದ್ದೆ. ಎಷ್ಟು ಜಾಗ ಮಾನ್ಯರೇ ಅಲ್ಲಿ! ಕಾಲು ಚಾಚಿದರೆ ಚಾಚಿದಷ್ಟೂ ಇತ್ತು, ಮುಖಕ್ಕೆ ಎರಡು ಕಿಂಡಿಯಿಂದ ತಂಗಾಳಿ, ರಸ್ತೆ ಪೂರ್ತಿ ಕಾಣುತ್ತಿತ್ತು, ಬಾತಿ ಕೆರೆಯ ನೀರಿನ ಮೇಲೆ ಸಂಜೆಯ ಬಿಸಿಲು ಬಿದ್ದದ್ದೂ ಕಂಡಿತು. ಇಷ್ಟು ಸಲ ಓಡಾಡಿದ ಆ ದಾರಿಯಲ್ಲಿ ಕೆರೆ ಅಷ್ಟು ಹತ್ತಿರ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮನೆಯ ಮುಂದೆ ಅವರನ್ನು ಇಳಿಸಲು ಕೊಟ್ರೇಶನಿಗೂ ಪಕ್ಕದ ಮನೆಯವರಿಗೂ ಸಾಕುಬೇಕಾಯಿತು. ಅಂಗಳದಲ್ಲಿ ಕಂಬ ಹಿಡಿದು ನಿಂತರು, ಸೊಂಟ ನೇರವಾಗಲಿಲ್ಲ. ಎಲ್ಲರೂ ಒಳಗೆ ಹೋದ ಮೇಲೆ ನಾನು ನೀರು ತಂದುಕೊಟ್ಟು, “ಹೆಂಗಿತ್ತು?” ಎಂದೆ. ಚುಚ್ಚಬೇಕೆಂದೇ ಕೇಳಿದ್ದೆ.

ಅವರು ನೀರು ಕುಡಿದು ಮುಗಿಸಿದರು. “ಅಲ್ಲಿ ಗಾಳೀನೇ ಬರಂಗಿಲ್ಲ ನಿರ್ಮಲಾ” ಎಂದರು. ಸ್ವಲ್ಪ ತಡೆದು, “ಮುಂದಿನೋರು ಮಾತಾಡೋದೂ ಕೇಳಂಗಿಲ್ಲ. ನೀನು ಹೇಳಬಾರದಿತ್ತಾ?” ಎಂದರು.

“ಹೇಳೀನಿ” ಎಂದೆ. “ಕೇಳಂಗಿಲ್ಲ ಅಂತ ನೀವೇ ಅಂದ್ರಲ್ಲ.”

ಅವರು ತಲೆಯಾಡಿಸಿದರು. ನಮ್ಮ ಮನೆಯಲ್ಲಿ ಕ್ಷಮಿಸು ಎಂಬ ಮಾತಿನ ಬಳಕೆಯಿಲ್ಲ, ಆದ್ದರಿಂದ ಅದನ್ನು ನಾನು ನಿರೀಕ್ಷಿಸಲೂ ಇಲ್ಲ. ಆದರೆ ಅಂದಿನಿಂದ ಕಾರು ಎಲ್ಲಿ ನಿಂತರೂ ಅವರು ಮೊದಲು ಇಳಿಯುವುದಿಲ್ಲ. ಎಲ್ಲರೂ ಇಳಿದರೇ ಎಂದು ಬಗ್ಗಿ ನೋಡಿ ಆಮೇಲೆ ಇಳಿಯುತ್ತಾರೆ.

ಈಗ ಕೋರಿಕೆಗಳಿಗೆ ಬರುತ್ತೇನೆ, ಹೆಚ್ಚೇನೂ ಇಲ್ಲ. ತಮ್ಮ ಸಾಲಿಗೆ ತೆರೆಯುವ ಒಂದು ಕಿಟಕಿ ದಯಪಾಲಿಸಿ. ಅದು ಕಷ್ಟವಾದರೆ ಒಳಗಿನಿಂದ ಎಳೆಯುವ ಒಂದು ಹಿಡಿಕೆ. ಅದೂ ಕಷ್ಟವಾದರೆ ಒಂದು ಗಂಟೆಯನ್ನಾದರೂ ಕಟ್ಟಿಸಿ, ಎತ್ತಿನ ಕೊರಳಿಗೆ ಕಟ್ಟುವಂಥದು ಸಾಕು. ಇಷ್ಟಾದರೂ ಆಗದಿದ್ದರೆ ‘ಏಳು ಜನರ ಕಾರು’ ಎಂಬ ಬರಹವನ್ನು ‘ಐದು ಜನರ ಕಾರು, ಹಿಂದೆ ಮನೆಯಾಕೆಯನ್ನು ಇಟ್ಟುಕೊಳ್ಳಲು ವ್ಯವಸ್ಥೆ ಇದೆ’ ಎಂದು ತಿದ್ದಿಸಿ. ಹೊಸ ಕಾರು ಅಳೆಯುವಾಗ ಯಂತ್ರದ ಬೊಂಬೆಯನ್ನು ಕೂರಿಸಿ ನೋಡುತ್ತೀರೆಂದು ಕೇಳಿದ್ದೇನೆ. ಮುಂದಿನ ಸಲ ಬೊಂಬೆಯ ಬದಲು ತಮ್ಮ ಪೂಜ್ಯ ತಾಯಿಯವರನ್ನು ರೇಷ್ಮೆ ಸೀರೆ ಉಡಿಸಿ ಕೂರಿಸಿ, ಏಪ್ರಿಲ್ ತಿಂಗಳಲ್ಲಿ, ಕೀಲಿ ಒತ್ತಿ, ತಾವು ಒಳಗೆ ಹೋಗಿ ಒಂದು ಲೋಟ ಚಹಾ ಕುಡಿದು ಬನ್ನಿ. ಆಮೇಲೆ ಸ್ಥಳಾವಕಾಶದ ಬಗ್ಗೆ ಅವರು ಏನು ಹೇಳುತ್ತಾರೋ ಅದನ್ನೇ ಜಾಹೀರಾತಿನಲ್ಲಿ ಅಚ್ಚು ಹಾಕಿಸಿ. ಅವರು ಹೇಳುವ ಸ್ಥಿತಿಯಲ್ಲಿದ್ದರೆ.

ಇಷ್ಟೆಲ್ಲ ಆದ ಮೇಲೂ ತಮ್ಮ ಮೇಲೆ ವಿಶ್ವಾಸ ಕಳೆದುಕೊಳ್ಳಲು ಮನಸ್ಸಾಗದ,
ತಮ್ಮ ವಿಶ್ವಾಸಿ,
ನಿರ್ಮಲಮ್ಮ ವಾಮದೇವಪ್ಪ
ಸರಸ್ವತಿ ನಗರ, ದಾವಣಗೆರೆ

ತಾ.ಕ.: ಮಗಳ ಮದುವೆ ಬರುವ ಕಾರ್ತೀಕದ ನಂತರ ಅದೇ ಮಂಟಪದಲ್ಲಿ ನಡೆಯಲಿದೆ. ತಾವು ತಪ್ಪದೆ ಬಂದು ವಧೂವರರನ್ನು ಆಶೀರ್ವದಿಸಬೇಕು. ದಾವಣಗೆರೆ ರೈಲು ನಿಲ್ದಾಣಕ್ಕೆ ನಮ್ಮ ಕಾರನ್ನೇ ಕಳುಹಿಸುತ್ತೇವೆ, ತಮಗಾಗಿ ಮೂರನೇ ಸಾಲನ್ನು ಕಾಯ್ದಿರಿಸಲಾಗಿದೆ. ಹರಿಹರ ತಲುಪಿದ ಮೇಲೆ ತಮ್ಮನ್ನು ಇಳಿಸಿಕೊಳ್ಳುವ ವಿಚಾರವನ್ನು ಖಂಡಿತವಾಗಿಯೂ ಪರಿಶೀಲಿಸಲಾಗುವುದು.